ದೊಡ್ಡ ರಜೆಯಲ್ಲಿ ಪುಟ್ಟ ಮಕ್ಕಳ ಜೊತೆ ತಿರುಗಾಟ: ಕಾಸರಗೋಡಿನ ಸೆಕೆಗೆ ಹೊಂದುವ ಸಮಗ್ರ ಮಾರ್ಗದರ್ಶಿ

ನಮ್ಮ ಚಿಕ್ಕವಳಿಗೆ ಆಗ ಮೂರು ವರ್ಷ. ಏಪ್ರಿಲ್ ನಡುವಿನ ಬಿಸು ಹಬ್ಬ ಕಳೆದು ಎರಡು ದಿನ ಆಗಿತ್ತು. ಮುಂಬಯಿಯಿಂದ ನಾದಿನಿಯ ಮನೆಯವರು ಬಂದಿದ್ದರು. ಎಲ್ಲರೂ ಸೇರಿ ಬೇಕಲ ಕೋಟೆಗೆ ಹೋಗುವುದೆಂದು ಆಯಿತು. ಒಬ್ಬೊಬ್ಬರ ಸ್ನಾನ, ತಿಂಡಿ ಮುಗಿದು ಬದಿಯಡ್ಕ ಬಿಡುವಾಗಲೇ ಹತ್ತು ಗಂಟೆ. ಕೋಟೆಯ ಬಾಗಿಲು ದಾಟುವಾಗ ಹನ್ನೊಂದೂವರೆ. ಅಲ್ಲಿ ನೆರಳು ಎಷ್ಟು ಕಡಿಮೆ ಅಂತ ಹೋದವರಿಗೆ ಗೊತ್ತು. ಕೆಳಗೆ ಕಾದ ಕೆಂಪುಕಲ್ಲು, ಮೇಲೆ ಸುಡುವ ಸೂರ್ಯ. ಅರ್ಧ ಗಂಟೆಯಲ್ಲಿ ಮಗಳ ಮಾತು ನಿಂತಿತು. ಮುಖ ಕೆಂಪಾಗಿತ್ತು. ಎತ್ತಿಕೊಂಡರೆ ತಲೆ ನನ್ನ ಹೆಗಲಿಗೆ ಒರಗಿತು. ಗೋಡೆಯ ನೆರಳಲ್ಲಿ ಕೂತು, ಬೈರಾಸು ಒದ್ದೆ ಮಾಡಿ ಮೈ ಒರೆಸಿ, ಗುಟುಕು ಗುಟುಕಾಗಿ ನೀರು ಕೊಟ್ಟೆ. ಇಪ್ಪತ್ತು ನಿಮಿಷ ಕಳೆದ ಮೇಲೆ ಅವಳು "ಅಮ್ಮಾ, ಮನೆಗೆ ಹೋಗುವ" ಅಂದಳು. ನನ್ನ ಜೀವ ಬಂದದ್ದು ಆಗ.

ಅವತ್ತು ನಾವು ಜಾಗ ನೋಡಿ ಹೊರಟಿದ್ದೆವು, ಹೊತ್ತು ನೋಡಲಿಲ್ಲ. ಅಂದಿನಿಂದ ನಮ್ಮ ಮನೆಯಲ್ಲಿ ಕ್ರಮ ತಿರುಗಿತು. ಮೊದಲು ಹೊತ್ತು, ಆಮೇಲೆ ಊರು. ಈ ಬರಹ ಅಂಗನವಾಡಿ, ಎಲ್‌ಕೆಜಿ, ಯುಕೆಜಿ ಪ್ರಾಯದ ಮಕ್ಕಳಿರುವ ಮನೆಯವರಿಗೆ. ಅಂದರೆ ಎರಡೂವರೆಯಿಂದ ಐದು ವರ್ಷದ ಮಕ್ಕಳಿಗೆ ಹೊಂದುವಂಥದ್ದು.

ಮೊದಲು ಹೊತ್ತು ಗೊತ್ತು ಮಾಡಿ

ಬೇಸಗೆಯಲ್ಲಿ ಬೆಳಗ್ಗೆ 11ರಿಂದ ಮಧ್ಯಾಹ್ನ 3ರ ತನಕ ನೇರ ಬಿಸಿಲಿಗೆ ಮೈ ಒಡ್ಡಬೇಡಿ ಎಂದು ಕೇರಳದ ವಿಪತ್ತು ನಿರ್ವಹಣಾ ಪ್ರಾಧಿಕಾರ ವರ್ಷ ವರ್ಷ ಹೇಳುತ್ತದೆ. ಅದು ದೊಡ್ಡವರನ್ನೂ ಸೇರಿಸಿ ಹೇಳುವ ಮಾತು. ಪುಟ್ಟ ಮಕ್ಕಳಿಗೆ ನಾನು ಅದನ್ನು 10ರಿಂದ 4 ಅಂತ ಮಾಡಿಕೊಂಡಿದ್ದೇನೆ. ಮಕ್ಕಳ ಮೈ ನಮಗಿಂತ ಬೇಗ ಬಿಸಿಯಾಗುತ್ತದೆ, ಬೆವರುವುದು ಕಡಿಮೆ. ನಮ್ಮ ಕರಾವಳಿಯಲ್ಲಿ ಗಾಳಿಯಲ್ಲೇ ನೀರಿನ ಅಂಶ ಜಾಸ್ತಿ, ಬಂದ ಬೆವರೂ ಆರುವುದಿಲ್ಲ. ಬೆವರು ಆರದೆ ಮೈ ತಣಿಯುವುದಿಲ್ಲ. ಹಾಗಾಗಿ ಫೋನಿನಲ್ಲಿ 33 ಡಿಗ್ರಿ ತೋರಿಸಿದರೂ ಸೆಕೆ ಅದಕ್ಕಿಂತ ಜಾಸ್ತಿ ಅನಿಸುತ್ತದೆ.

ನಮ್ಮ ದಿನ ಹೀಗಿರುತ್ತದೆ. ಆರೂವರೆಗೆ ಮನೆ ಬಿಡುವುದು. ಏಳೂವರೆ, ಎಂಟಕ್ಕೆ ಜಾಗ ಮುಟ್ಟುವುದು. ಒಂಬತ್ತೂವರೆಗೆ ಆಟ ಮುಗಿಸುವುದು. ಹತ್ತು ಗಂಟೆಯ ಮೇಲೆ ಸೂರಿನ ಕೆಳಗೆ: ನೆಂಟರ ಮನೆಯೋ, ನಮ್ಮ ಮನೆಯೋ, ದೂರದ ಊರಾದರೆ ಕೋಣೆಯೋ. ಊಟ, ನಿದ್ದೆ. ಇನ್ನೂ ಉತ್ಸಾಹ ಇದ್ದರೆ ನಾಲ್ಕೂಕಾಲಿಗೆ ಎರಡನೇ ಸುತ್ತು. ಮಗುವಿನ ಮಧ್ಯಾಹ್ನದ ನಿದ್ದೆ ತಪ್ಪಿಸಿ ಇನ್ನೊಂದು ಜಾಗ ನೋಡಬಹುದು ಅಂತ ಅನಿಸುತ್ತದೆ. ತಪ್ಪಿಸಬೇಡಿ. ನಿದ್ದೆ ಕೆಟ್ಟ ಮಗು ನೀರು ಕುಡಿಯುವುದಿಲ್ಲ, ಉಣ್ಣುವುದಿಲ್ಲ, ಕೈ ಹಿಡಿದು ನಡೆಯುವುದಿಲ್ಲ. ಅಪಾಯ ಶುರುವಾಗುವುದೇ ಅಲ್ಲಿ.

ಸಂಜೆಯ ಸುತ್ತಿಗೆ ಒಂದು ಎಚ್ಚರ ಬೇಕು. ಏಪ್ರಿಲ್, ಮೇಯಲ್ಲಿ ಗುಡುಗು ಸಿಡಿಲು ಹೆಚ್ಚಾಗಿ ಬರುವುದು ಮಧ್ಯಾಹ್ನ 2ರಿಂದ ರಾತ್ರಿ 10ರ ಒಳಗೆ. ಮೂಡು ದಿಕ್ಕಿನಲ್ಲಿ, ಘಟ್ಟದ ಕಡೆ ಮೋಡ ಕಪ್ಪಾಗುತ್ತಾ ಬಂದರೆ ಬಯಲು, ಗುಡ್ಡದ ತಲೆ, ಸಮುದ್ರದ ಬದಿ ಯಾವುದೂ ಬೇಡ. ಮೊದಲ ಗುಡುಗು ಕೇಳಿದ ಕೂಡಲೇ ಕಾರಿಗೋ ಕಟ್ಟಡಕ್ಕೋ ಸೇರಿಕೊಳ್ಳಿ. ಮರದಡಿ ನಿಲ್ಲಬೇಡಿ.

ಆಮೇಲೆ ಊರು

ಒಂದು ಸಲಕ್ಕೆ ಒಂದು ಜಾಗ ಸಾಕು, ಮನೆಯಿಂದ ಒಂದು ಗಂಟೆಯ ದಾರಿಯೊಳಗೆ. ಈ ಪ್ರಾಯದ ಮಕ್ಕಳಿಗೆ ಕೋಟೆಗಿಂತ ಕೋಟೆಯ ಗೋಡೆಯ ಮೇಲೆ ಹೋಗುವ ಇರುವೆ ಸಾಲೇ ದೊಡ್ಡದು. ಅವರು ಅದನ್ನು ನೋಡಲಿ.

ಬೇಕಲ ಕೋಟೆಗೆ ಹೋಗುವುದಾದರೆ ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿರಿ, ಇಲ್ಲವೇ ನಾಲ್ಕರ ಮೇಲೆ ಹೋಗಿ. 1650ರ ಸುಮಾರಿಗೆ ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ ಈ ಕೋಟೆ ಸುಮಾರು 40 ಎಕರೆಯಷ್ಟು ದೊಡ್ಡದು. ಪೂರ್ತಿ ಸುತ್ತುವ ಆಸೆ ಬಿಡಿ. ವೀಕ್ಷಣಾ ಗೋಪುರದ ತನಕ ಹೋಗಿ ಬಂದರೆ ಮಕ್ಕಳ ಕಾಲಿಗೆ ಸಾಕು. ಕೋಟೆಯ ಅಂಚಿನಲ್ಲಿ ಎಲ್ಲ ಕಡೆ ಬೇಲಿ ಇಲ್ಲ. ಮಗುವಿನ ಮಣಿಕಟ್ಟು ಹಿಡಿಯಿರಿ. ಬೆರಳು ಹಿಡಿದರೆ ಬೆವರಿಗೆ ಜಾರುತ್ತದೆ. ಕೆಂಪುಕಲ್ಲಿನ ಸಂದುಗಳಿಗೆ ಕೈ ಹಾಕಲು ಬಿಡಬೇಡಿ, ಒಳಗೆ ಹಾವು ಚೇಳು ಇರಬಹುದು.

ಕುಂಬಳೆಯ ಹತ್ತಿರದ ಅನಂತಪುರ ಮಕ್ಕಳಿಗೆ ಇಷ್ಟವಾಗುವ ಜಾಗ. ಕೆರೆಯ ನಡುವೆ ದೇವಸ್ಥಾನ. ಬಬಿಯಾ ಅನ್ನುವ ಮೊಸಳೆ ಅಲ್ಲಿತ್ತು. 2022ರ ಅಕ್ಟೋಬರಿನಲ್ಲಿ ತೀರಿಕೊಂಡಿತು. ಮರುವರ್ಷ ಕೆರೆಯಲ್ಲಿ ಇನ್ನೊಂದು ಮೊಸಳೆ ಕಾಣಿಸಿತು. ಮಕ್ಕಳು "ಎಲ್ಲಿ, ಎಲ್ಲಿ" ಅಂತ ನೀರಿಗೆ ಬಗ್ಗುತ್ತಾರೆ. ಒಬ್ಬ ಮಗುವಿಗೆ ಒಬ್ಬ ದೊಡ್ಡವರು ಅಂತ ಲೆಕ್ಕ ಹಾಕಿಯೇ ಒಳಗೆ ಹೋಗಿ. ಸುತ್ತ ಬೋಳು ಪಾರೆ, ಎಂಟು ಗಂಟೆ ಕಳೆದರೆ ಕಲ್ಲು ಕಾಯುತ್ತದೆ. ಚಪ್ಪಲಿ ಬಿಟ್ಟ ಪುಟ್ಟ ಪಾದ ಸುಡುತ್ತದೆ. ಅಷ್ಟು ದೂರ ಎತ್ತಿಕೊಂಡೇ ನಡೆಯಿರಿ.

ಧರ್ಮತ್ತಡ್ಕದ ಪೊಸಡಿಗುಂಪೆ ಗುಡ್ಡಕ್ಕೆ ಬೆಳಗ್ಗೆ ಮಾತ್ರ ಹೋಗಿ. ರಾಣಿಪುರ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ, ಗಾಳಿ ತಂಪು. ಆದರೆ ಗುಡ್ಡದ ತುದಿಗೆ ಹತ್ತುವುದು ಐದರ ಒಳಗಿನ ಮಕ್ಕಳಿಗೆ ಆಗುವ ಕೆಲಸ ಅಲ್ಲ, ಬುಡದಲ್ಲೇ ಆಡಿಸಿ ಬನ್ನಿ. ವಲಿಯಪರಂಬದ ಹಿನ್ನೀರಿನಲ್ಲಿ ದೋಣಿ ಹತ್ತುವುದಾದರೆ ಮಗುವಿನ ಅಳತೆಯ ಲೈಫ್ ಜಾಕೆಟ್ ಇದೆಯಾ ಅಂತ ಹಣ ಕೊಡುವ ಮೊದಲೇ ಕೇಳಿ. ದೊಡ್ಡವರ ಜಾಕೆಟ್ ಮಗುವಿಗೆ ಹಾಕಿದರೆ ನೀರಿಗೆ ಬಿದ್ದಾಗ ಅದು ಮೇಲಕ್ಕೆ ಜಾರಿ ಹೋಗುತ್ತದೆ. ಮಗುವಿನ ಅಳತೆಯದು ಇಲ್ಲ ಅಂದರೆ ವಾಪಸು ಬನ್ನಿ. 2023ರ ಮೇ 7ರ ಸಂಜೆ ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ದೋಣಿ ಮಗುಚಿ 22 ಮಂದಿ ಸತ್ತರು, ಅವರಲ್ಲಿ ಮಕ್ಕಳು ಹಲವರು. ಅದೂ ಇದೇ ರಜೆಯ ಹೊತ್ತು. ಕತ್ತಲಾದ ಮೇಲೆ ದೋಣಿ ಬೇಡವೇ ಬೇಡ.

ದಾರಿ

ಮಕ್ಕಳಿಗೆ ರೈಲಿಗಿಂತ ಒಳ್ಳೆಯದು ಇಲ್ಲ. ಕಾಸರಗೋಡಿನಿಂದ ಕಾಞಂಗಾಡಿಗೆ ಅರ್ಧ ಗಂಟೆ ಸಾಕು. ನಡುವೆ ಚಂದ್ರಗಿರಿ ಹೊಳೆಯ ಸೇತುವೆ ಬರುತ್ತದೆ. ಆ ಒಂದು ನಿಮಿಷಕ್ಕಾಗಿ ನಮ್ಮ ಮಕ್ಕಳು ವಾರ ಮೊದಲೇ ದಿನ ಎಣಿಸುತ್ತಾರೆ. ಐದು ವರ್ಷದ ಒಳಗಿನ ಮಗುವಿಗೆ ಬೇರೆ ಸೀಟು, ಬರ್ತ್ ಕೇಳದಿದ್ದರೆ ರೈಲಿನಲ್ಲಿ ಟಿಕೆಟ್ ಬೇಡ. ಪ್ರಾಯದ ದಾಖಲೆಯ ಫೋಟೋ ಫೋನಿನಲ್ಲಿರಲಿ. ಹತ್ತುವಾಗ ಒಬ್ಬರು ಮೊದಲು ಹತ್ತಿ, ಇನ್ನೊಬ್ಬರು ಕೆಳಗಿನಿಂದ ಮಗುವನ್ನು ಎತ್ತಿ ಕೊಡಿ. ಬಾಗಿಲ ಹತ್ತಿರ ನಿಲ್ಲಿಸಬೇಡಿ.

ಕಾರಿನಲ್ಲಿ ಮಗು ಹಿಂದಿನ ಸೀಟಿನಲ್ಲಿ, ಅದರ ಪ್ರಾಯಕ್ಕೆ ತಕ್ಕ ಚೈಲ್ಡ್ ಸೀಟಿನಲ್ಲಿ. ಮುಂದೆ ತೊಡೆಯ ಮೇಲೆ ಕೂರಿಸುವ ಅಭ್ಯಾಸ ನಮ್ಮಲ್ಲಿ ತುಂಬಾ ಇದೆ. ಬ್ರೇಕ್ ಹಾಕಿದಾಗ ಮಗು ಕೈಯಲ್ಲಿ ನಿಲ್ಲುವುದಿಲ್ಲ, ಏರ್‌ಬ್ಯಾಗ್ ಬಿಚ್ಚಿಕೊಂಡರೆ ಅದೇ ಮಗುವಿಗೆ ಬಡಿಯುತ್ತದೆ. ನಿಲ್ಲಿಸಿದ ಕಾರಿನಲ್ಲಿ ಮಗುವನ್ನು ಬಿಟ್ಟು "ಎರಡೇ ನಿಮಿಷ" ಅಂತ ಅಂಗಡಿಗೆ ಹೋಗಬೇಡಿ. ಬಿಸಿಲಲ್ಲಿ ನಿಂತ ಕಾರಿನ ಒಳಗೆ ಹತ್ತೇ ನಿಮಿಷದಲ್ಲಿ ಸುಮಾರು 10 ಡಿಗ್ರಿ ಸೆಕೆ ಏರುತ್ತದೆ. ಗ್ಲಾಸು ಸ್ವಲ್ಪ ಇಳಿಸಿದರೆ ಏನೂ ಉಪಯೋಗ ಇಲ್ಲ. ಸೀಟು ಬೆಲ್ಟಿನ ಲೋಹದ ಕೊಂಡಿ ಕಾದಿರುತ್ತದೆ, ಮುಟ್ಟಿ ನೋಡಿ ಹಾಕಿ.

ಸ್ಕೂಟರಿನಲ್ಲಿ ಕರೆದುಕೊಂಡು ಹೋಗುವವರಿಗೆ: 9 ತಿಂಗಳಿಂದ 4 ವರ್ಷದ ಮಗುವಿಗೆ ಹೆಲ್ಮೆಟ್ ಮತ್ತು ಸವಾರನಿಗೆ ಕಟ್ಟುವ ಸೇಫ್ಟಿ ಬೆಲ್ಟ್ 2023ರ ಫೆಬ್ರವರಿ 15ರಿಂದ ಕಡ್ಡಾಯ. ವೇಗ 40 ಕಿಲೋಮೀಟರ್ ಮೀರಬಾರದು. ನಿದ್ದೆ ತೂಗುವ ಮಗುವನ್ನು ಮುಂದೆ ನಿಲ್ಲಿಸಿಕೊಂಡು ಹೋಗುವುದನ್ನು ನೋಡಿದಾಗಲೆಲ್ಲ ನನಗೆ ಎದೆ ಝಲ್ ಅನ್ನುತ್ತದೆ.

ಪಾಣತ್ತೂರು, ಸುಳ್ಯ ಕಡೆಯ ತಿರುವಿನ ದಾರಿಗೆ ವಾಂತಿ ಮಾಡುವ ಮಕ್ಕಳಿಗೆ ಹೊರಡುವ ಮೊದಲು ಹೊಟ್ಟೆ ತುಂಬ ಹಾಲು ಕುಡಿಸಬೇಡಿ. ಎರಡು ಒಣ ಇಡ್ಲಿ ಸಾಕು. ಫೋನ್ ಕೊಡಬೇಡಿ. ಕಿಟಕಿಯಾಚೆ ದೂರ ನೋಡಲಿ.

ನೀರು

ಮೂರರಿಂದ ಐದು ವರ್ಷದ ಮಗುವಿಗೆ ಹಾಲು ಸೇರಿ ದಿನಕ್ಕೆ ಒಂದು, ಒಂದೂಕಾಲು ಲೀಟರು ಹೊಟ್ಟೆಗೆ ಹೋಗಬೇಕು. ಸೆಕೆಯಲ್ಲಿ ಓಡಾಡಿದರೆ ಇನ್ನೂ ಜಾಸ್ತಿ. ಆಟದ ಅಮಲಿನಲ್ಲಿ ಮಕ್ಕಳು ಬಾಯಾರಿಕೆ ಹೇಳುವುದಿಲ್ಲ. ಇಪ್ಪತ್ತು ನಿಮಿಷಕ್ಕೊಮ್ಮೆ ನಾಲ್ಕು ಗುಟುಕು ಕೊಡಿ. ಮೂತ್ರ ನೋಡಿ. ತಿಳಿ ಹಳದಿ ಇದ್ದರೆ ಸರಿ, ಗಾಢ ಹಳದಿಯಾದರೆ ನೀರು ಸಾಲುತ್ತಿಲ್ಲ. ಐದಾರು ಗಂಟೆ ಮೂತ್ರವೇ ಮಾಡದಿದ್ದರೆ ತಿರುಗಾಟ ನಿಲ್ಲಿಸಿ.

ನೀರು ಮನೆಯಿಂದಲೇ. ಚೆನ್ನಾಗಿ ಕೊತಕೊತ ಕುದಿಸಿ ಆರಿಸಿದ್ದು. ಬೇಸಗೆಯಲ್ಲಿ ಬಾವಿಯ ನೀರು ಕೆಳಗಿಳಿದಾಗ ಹಳದಿ ಕಾಮಾಲೆ ಹರಡುವುದು ನಮ್ಮ ಕಡೆ ಹೊಸತಲ್ಲ. ಹೋಟೆಲಿನಲ್ಲಿ ಬಣ್ಣದ ಬಿಸಿನೀರು ಕೊಡುತ್ತಾರೆ ಅಲ್ವಾ, ಅದರಲ್ಲೂ ಒಂದು ಸೂಕ್ಷ್ಮ ಇದೆ. ಕುದಿಸಿದ ನೀರಿಗೆ ತಣ್ಣೀರು ಬೆರೆಸಿ ಉಗುರುಬೆಚ್ಚಗೆ ಮಾಡಿ ಕೊಡುವುದುಂಟು. ಹಾಗೆ ಬೆರೆಸಿದರೆ ಕುದಿಸಿಯೂ ಪ್ರಯೋಜನ ಇಲ್ಲ. ಕಾಞಂಗಾಡಿನಿಂದ ತೆಂಕಕ್ಕೆ ಹೋದಾಗ "ತಿಳಪ್ಪಿಚ್ಚ ವೆಳ್ಳಂ" ಅಂತ ಕೇಳಿ, ಕುದಿಸಿದ ನೀರು ಅಂತ ಅರ್ಥ. ಲೋಟ ಮುಟ್ಟಿದರೆ ಬಿಸಿ ಗೊತ್ತಾಗಬೇಕು. ದಾರಿಬದಿಯ ಐಸು, ಐಸು ಹಾಕಿದ ಜ್ಯೂಸು, ಉಪ್ಪುನೀರಿನಲ್ಲಿ ಹಾಕಿಟ್ಟ ಮಾವಿನಕಾಯಿ, ನೆಲ್ಲಿಕಾಯಿ ಪುಟ್ಟ ಮಕ್ಕಳಿಗೆ ಬೇಡ.

ಕಣ್ಣೆದುರು ಕೆತ್ತಿಸಿದ ಬೊಂಡ (ಎಳನೀರು) ಒಳ್ಳೆಯದು. ನೀರುಮಜ್ಜಿಗೆ, ಪುನರ್ಪುಳಿ ಶರಬತ್ತು ಮನೆಯಲ್ಲೇ ಮಾಡಿದ್ದಾದರೆ ಇನ್ನೂ ಒಳ್ಳೆಯದು.

ಓಆರ್‌ಎಸ್ ಪ್ಯಾಕೆಟ್ ಎರಡು ಚೀಲದಲ್ಲಿ ಇರಲೇಬೇಕು. ಹಿಂಬದಿ ಓದಿ. ದೊಡ್ಡ ಪ್ಯಾಕೆಟ್ ಒಂದು ಲೀಟರಿಗೆ, ಚಿಕ್ಕದು 200 ಮಿಲಿಲೀಟರಿಗೆ. ಒಂದು ಲೋಟ ನೀರಿಗೆ ದೊಡ್ಡ ಪ್ಯಾಕೆಟ್ ಪೂರ್ತಿ ಸುರಿದರೆ ಉಪ್ಪು ಜಾಸ್ತಿಯಾಗಿ ಮಗುವಿಗೆ ಅಪಾಯ. ಹೆಸರಿನಲ್ಲಿ ಓಆರ್‌ಎಸ್ ಅಂತ ಬರೆದ ಸಿಹಿ ಪಾನೀಯಗಳು ತುಂಬಾ ಕಾಲ ಮಾರಾಟವಾದವು. 2025ರ ಅಕ್ಟೋಬರಿನಲ್ಲಿ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಆ ಹೆಸರು ತೆಗೆಯಲು ಹೇಳಿತು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಅಂತ ಬರೆದಿರುವ ಪುಡಿಯನ್ನೇ ಔಷಧದ ಅಂಗಡಿಯಲ್ಲಿ ಕೇಳಿ. ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿದ ನೀರಿಗೆ ಮಟ್ಟ ಮಾಡಿದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಭೇದಿಯಾದರೆ ಪ್ರತಿ ಸಲಕ್ಕೂ 100ರಿಂದ 200 ಮಿಲಿಲೀಟರ್, ಚಮಚ ಚಮಚವಾಗಿ ಕೊಡಿ. ಕಲಸಿದ್ದು 24 ಗಂಟೆ ಕಳೆದರೆ ಚೆಲ್ಲಿ.

ಬುತ್ತಿ

ನನಗೆ ತುಂಬಾ ಪ್ರೀತಿಯ ಕೆಲಸ ಇದು. ಬುತ್ತಿ ಸರಿ ಇದ್ದರೆ ಅರ್ಧ ಪ್ರಯಾಣ ಸರಿಯಾದಂತೆ.

ಮಧ್ಯಾಹ್ನಕ್ಕೆ ಮೊಸರನ್ನ. ಆದರೆ ಬೆಳಗ್ಗೆಯೇ ಮೊಸರು ಕಲಸಿದರೆ ಹನ್ನೊಂದು ಗಂಟೆಗೆ ಹುಳಿ ಬಂದು ಮಕ್ಕಳು ಮುಖ ಸಿಂಡರಿಸುತ್ತಾರೆ. ನಮ್ಮ ಅತ್ತೆ ಕಲಿಸಿದ ಕ್ರಮ ಹೇಳುತ್ತೇನೆ. ಬೆಳ್ತಿಗೆ ಅನ್ನವನ್ನು ಸ್ವಲ್ಪ ಮೆತ್ತಗೆ ಬೇಯಿಸಿ. ಬಿಸಿ ಇರುವಾಗಲೇ ಸೌಟಿನ ಬೆನ್ನಿನಿಂದ ಮಸೆಯಿರಿ. ಕಾಯಿಸಿ ಆರಿದ ಹಾಲು ಹೊಯ್ದು ಗಂಜಿಗಿಂತ ಕೊಂಚ ಗಟ್ಟಿ ಮಾಡಿ. ಬೆರಳು ಹಾಕಿದರೆ ಬೆಚ್ಚಗೆ ಅನಿಸಬೇಕು, ಸುಡಬಾರದು. ಆಗ ಒಂದೇ ಚಮಚ ಸಿಹಿ ಮೊಸರು, ಚಿಟಿಕೆ ಉಪ್ಪು. ಸ್ಟೀಲ್ ಡಬ್ಬಿಗೆ ಹಾಕಿ ಮುಚ್ಚಿ. ದಾರಿಯಲ್ಲಿ ಅದು ತಾನಾಗಿ ಹೆಪ್ಪಾಗುತ್ತದೆ. ಹನ್ನೊಂದೂವರೆಗೆ ಡಬ್ಬಿ ತೆರೆದರೆ ಹುಳಿ ಇರುವುದಿಲ್ಲ, ಸಿಹಿಯಾದ ಮೊಸರನ್ನ ತಯಾರು. ಮೇಲಿಂದ ಸಣ್ಣಗೆ ತುರಿದ ಕ್ಯಾರೆಟ್ ಹಾಕಿದರೆ ನಮ್ಮವಳು ಡಬ್ಬಿ ಬಳಿದು ತಿನ್ನುತ್ತಾಳೆ.

ತಿಂಡಿಗೆ ಕೈಯಲ್ಲಿ ಹಿಡಿದು ತಿನ್ನುವಂಥದ್ದು ಬೇಕು. ಪುಂಡಿ, ಇಡ್ಲಿ, ಬಾಳೆಲೆಯಲ್ಲಿ ಬೇಯಿಸಿದ ಹಲಸಿನ ಹಣ್ಣಿನ ಕೊಟ್ಟಿಗೆ, ಹಬೆಯಲ್ಲಿ ಬೆಂದ ನೇಂದ್ರ ಬಾಳೆಹಣ್ಣು. ನೀರುದೋಸೆ ಡಬ್ಬಿಯಲ್ಲಿ ಅಂಟಿ ಮುದ್ದೆಯಾಗುತ್ತದೆ, ಬೇಡ. ಹಸಿ ತೆಂಗಿನಕಾಯಿ ಚಟ್ನಿ, ಕಾಯಿಹಾಲು ಹಾಕಿದ ಗಸಿ, ಮೀನು ಸಾರು ನಮ್ಮ ಸೆಕೆಗೆ ಬೇಗ ಕೆಡುತ್ತವೆ. ಬುತ್ತಿಗೆ ಅವನ್ನು ಕಟ್ಟಬೇಡಿ. ಚಟ್ನಿ ಬದಲು ಬೆಲ್ಲ ತುಪ್ಪ.

ಹಣ್ಣಿನಲ್ಲಿ ಬಚ್ಚಂಗಾಯಿ (ಕಲ್ಲಂಗಡಿ), ತಾಟಿನುಂಗು, ಮಾವು. ಬಚ್ಚಂಗಾಯಿ ಇಡಿಯಾಗಿ ಕೊಂಡು ಮನೆಯಲ್ಲಿ ಕೊಯ್ಯಿರಿ, ಅಂಗಡಿಯಲ್ಲಿ ಕೊಯ್ದಿಟ್ಟದ್ದು ಬೇಡ. ಕಾಟುಮಾವು ಚೀಪಲು ಮಕ್ಕಳಿಗೆ ಆಸೆ. ತೊಟ್ಟಿನ ಸೊನೆ ತಾಗಿದರೆ ತುಟಿಯ ಬದಿ ಸುಟ್ಟಂತಾಗಿ ಕಪ್ಪಾಗುತ್ತದೆ. ತೊಟ್ಟು ಕೊಯ್ದು, ನೀರಲ್ಲಿ ಅರ್ಧ ಗಂಟೆ ಹಾಕಿಟ್ಟು, ತೊಳೆದು ಕೊಡಿ.

ಗಂಟಲಲ್ಲಿ ಸಿಕ್ಕುವ ತಿನಿಸುಗಳ ಮೇಲೆ ಕಣ್ಣಿರಲಿ. ಇಡೀ ದ್ರಾಕ್ಷಿ, ನೆಲಕಡಲೆ, ಗೇರುಬೀಜ, ಬೇಯಿಸಿದ ಹಲಸಿನ ಬೀಜ, ಚಿಕ್ಕು ಮತ್ತು ಕುಂಟಲಹಣ್ಣಿನ ಬೀಜ, ಗಟ್ಟಿ ಮಿಠಾಯಿ. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಸೀಳು ಮಾಡಿ. ಓಡುವ ಕಾರಿನಲ್ಲಿ, ಓಡುವ ಮಗುವಿಗೆ ತಿನ್ನಿಸಬೇಡಿ. ಕೂತು, ಮುಖ ನಮಗೆ ಕಾಣುವಂತೆ ತಿನ್ನಲಿ.

ಚಾಪೆ ಹಾಸುವ ಮೊದಲು ಮೇಲೆ ನೋಡಿ. ತೆಂಗಿನ ಮರದ ಕೆಳಗೆ ಮಕ್ಕಳನ್ನು ಕೂರಿಸಬೇಡಿ. ಒಣ ಮಡಲು ಬಿದ್ದರೂ ಸಾಕು ಪೆಟ್ಟಾಗಲು. ಮಾವಿನ ಮರ, ಹಲಸಿನ ಮರ ಹಣ್ಣು ಬಿಟ್ಟಿದ್ದರೂ ಅಷ್ಟೇ.

ಹೋಟೆಲಿಗೆ ಹೋಗಲೇಬೇಕಾದರೆ ಜನ ಹೆಚ್ಚಿರುವ, ಬಿಸಿಬಿಸಿ ಬಡಿಸುವ ಕಡೆ ಹೋಗಿ. ಇಡಿಯಪ್ಪಕ್ಕೆ ಹಾಲು ಸಕ್ಕರೆ, ಪುಟ್ಟಿಗೆ ಬಾಳೆಹಣ್ಣು ಹಿಸುಕಿ ಕಲಸಿದರೆ ಮಕ್ಕಳಿಗೆ ಸುಲಭ. ಒಣ ಪುಟ್ಟು ಗಂಟಲಿಗೆ ಕಟ್ಟುತ್ತದೆ. "ಎರಿವು ವೇಂಡ" ಅಂದರೆ ಖಾರ ಬೇಡ. ಷವರ್ಮಾ, ಮಯೋನೀಸ್ ಈ ಪ್ರಾಯಕ್ಕೆ ಬೇಡವೇ ಬೇಡ. 2022ರ ಮೇ 1ರಂದು ನಮ್ಮದೇ ಜಿಲ್ಲೆಯ ಚೆರುವತ್ತೂರಿನಲ್ಲಿ ಷವರ್ಮಾ ತಿಂದ ಹದಿಹರೆಯದ ಹುಡುಗಿ ತೀರಿಕೊಂಡಳು, ಶಿಗೆಲ್ಲಾ ರೋಗಾಣು ಪತ್ತೆಯಾಯಿತು. ಹಸಿ ಮೊಟ್ಟೆಯ ಮಯೋನೀಸನ್ನು ಕೇರಳ ಸರಕಾರ 2023ರ ಜನವರಿಯಲ್ಲಿ ನಿಷೇಧಿಸಿತು.

ಉಡುಪು, ಚೀಲ

ಸಡಿಲ ಹತ್ತಿ ಬಟ್ಟೆ, ತಿಳಿ ಬಣ್ಣ. ಬೆವರುಸಾಲೆಗೆ ಪೌಡರ್ ಮೆತ್ತುವುದು ಬೇಡ, ಅದರ ಧೂಳು ಮಗುವಿನ ಉಸಿರಿಗೆ ಹೋಗುತ್ತದೆ. ತಣ್ಣೀರಿನಲ್ಲಿ ಮೈ ಒರೆಸಿ, ಗಾಳಿಗೆ ಬಿಡಿ. ಟೊಪ್ಪಿಗೆ ನಮ್ಮ ಅಡಿಕೆ ಹಾಳೆಯ ಮುಟ್ಟಾಳೆ ಇದೆಯಲ್ಲ, ಪುಟ್ಟ ತಲೆಯ ಅಳತೆಗೆ ಅಜ್ಜಂದಿರು ಹೊಲಿದು ಕೊಡುತ್ತಾರೆ. ತಲೆ ಬೇಯುವುದಿಲ್ಲ. ಹಾಳೆಯ ಬೀಸಣಿಗೆಯೂ ಒಂದು ಜೊತೆಗಿರಲಿ.

ಚೀಲದಲ್ಲಿ ನಾನು ಇಟ್ಟುಕೊಳ್ಳುವುದು: ಎರಡು ಜೊತೆ ಬಟ್ಟೆ, ಎರಡು ಬೈರಾಸು, ಸಾಬೂನು, ಓಆರ್‌ಎಸ್, ಬ್ಯಾಂಡೇಜು, ಥರ್ಮಾಮೀಟರ್, ಪ್ಯಾರಾಸಿಟಮಾಲ್ ಸಿರಪ್, ಸೊಳ್ಳೆ ಕ್ರೀಮು, ಪ್ಲಾಸ್ಟಿಕ್ ಚೀಲ ನಾಲ್ಕು. ಸಿರಪ್ಪಿನ ಪ್ರಮಾಣ ಮಗುವಿನ ತೂಕಕ್ಕೆ ತಕ್ಕಂತೆ. ಮಕ್ಕಳ ಡಾಕ್ಟರ ಹತ್ತಿರ ಮೊದಲೇ ಕೇಳಿ ಬಾಟಲಿಯ ಮೇಲೆ ಪೆನ್ನಿನಲ್ಲಿ ಬರೆದಿಡಿ. ರಾತ್ರಿ ಎರಡು ಗಂಟೆಗೆ ನೆಂಟರ ಮನೆಯಲ್ಲಿ ಜ್ವರ ಬಂದಾಗ ಲೆಕ್ಕ ಹಾಕಲು ತಲೆ ಓಡುವುದಿಲ್ಲ.

ಸಮುದ್ರ, ಹೊಳೆ, ಕೆರೆ

ಸಮುದ್ರದಲ್ಲಿ ಪುಟ್ಟ ಮಕ್ಕಳ ಜಾಗ ಒದ್ದೆ ಮರಳು. ತೆರೆ ಬಂದು ಪಾದ ತೊಳೆದು ಹೋಗುವ ಅಂಚು. ಅಲ್ಲಿಂದ ಮುಂದೆ ಬೇಡ. ಎತ್ತಿಕೊಂಡು ಸೊಂಟದ ನೀರಿಗೆ ಹೋಗುವ ಅಪ್ಪಂದಿರಿಗೂ ಇದೇ ಮಾತು. ಕಾಲಡಿಯ ಮರಳು ಜಾರಿದರೆ ಇಬ್ಬರೂ ಬೀಳುತ್ತೀರಿ. ಕಪ್ಪಿಲ್, ಬೇಕಲದ ಕಡಲು ಸುಮ್ನೆ ನೋಡಿದರೆ ಶಾಂತ. ಆದರೆ ದಡದಿಂದ ಆಚೆಗೆ ಎಳೆದುಕೊಂಡು ಹೋಗುವ ಸೆಳೆತ ಮೇಲಿಂದ ಕಾಣುವುದಿಲ್ಲ.

ಬೇಸಗೆಯಲ್ಲಿ "ಕಳ್ಳಕ್ಕಡಲ್" ಅನ್ನುವುದೊಂದಿದೆ. ಕಳ್ಳನಂತೆ ಬರುವ ಕಡಲು. ದೂರದ ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿ ಎಬ್ಬಿಸಿದ ಅಲೆಗಳು ದಿನಗಟ್ಟಲೆ ಸಾಗಿ ನಮ್ಮ ತೀರಕ್ಕೆ ಬಡಿಯುತ್ತವೆ. ಇಲ್ಲಿ ಗಾಳಿ ಇಲ್ಲ, ಮಳೆ ಇಲ್ಲ, ಆದರೂ ನೀರು ಏಕಾಏಕಿ ಏರುತ್ತದೆ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಮುನ್ಸೂಚನೆ ಕೊಡುತ್ತದೆ, ಪತ್ರಿಕೆ, ಟಿವಿಯಲ್ಲಿ ಬರುತ್ತದೆ. ಅದು ಇರುವ ದಿನ ಕಡಲ ಬದಿಗೆ ಹೋಗಬೇಡಿ. ತೀರದ ಫಲಕ ಮಲಯಾಳದಲ್ಲೇ ಇದ್ದು ಓದಲು ಬಾರದಿದ್ದರೆ ಹತ್ತಿರದ ಅಂಗಡಿಯವರಲ್ಲಿ ಕೇಳಿ. ಅವರು "ಅಪಕಟಂ" ಅಂದರೆ ಅಪಾಯ ಅಂತ ಅರ್ಥ.

ಪಯಸ್ವಿನಿ, ಶಿರಿಯಾ ಹೊಳೆಗಳಲ್ಲಿ ಬೇಸಗೆಗೆ ಮೊಣಕಾಲು ನೀರು ಕಾಣುತ್ತದೆ. ಮರಳು ತೆಗೆದ ಗುಂಡಿ ಪಕ್ಕದಲ್ಲೇ ಇರುತ್ತದೆ. ಊರಿನವರು ತೋರಿಸಿದ ಕಡೆ ಮಾತ್ರ ಇಳಿಯಿರಿ, ಮಗುವಿನಿಂದ ಒಂದು ಕೈ ಅಳತೆಯೊಳಗೆ ಇರಿ. ಫೋನ್ ದಡದಲ್ಲಿರಲಿ. ನೀರಲ್ಲಿ ಮುಳುಗುವ ಮಗು ಕೂಗುವುದಿಲ್ಲ, ಸದ್ದಿಲ್ಲದೆ ಮುಳುಗುತ್ತದೆ.

ನಿಂತ ನೀರಿನ ಕೆರೆ, ಮದಕ, ಕೆಂಪುಕಲ್ಲಿನ ಕೋರೆಯ ಹೊಂಡದಲ್ಲಿ ಈಗ ಇನ್ನೊಂದು ಭಯ. ಮೆದುಳು ತಿನ್ನುವ ಅಮೀಬಾ ಅಂತ ಕೇಳಿದ್ದೀರಿ. 2024, 2025ರಲ್ಲಿ ಕೇರಳದಲ್ಲಿ ಮಕ್ಕಳಿಗೂ ಬಂತು. ಅದು ಬಾಯಿಯಿಂದ ಅಲ್ಲ, ಮೂಗಿನ ಒಳಗೆ ನುಗ್ಗಿದ ನೀರಿನಿಂದ ಬರುತ್ತದೆ. ಪುಟ್ಟ ಮಕ್ಕಳನ್ನು ಅಂಥ ನೀರಿನಲ್ಲಿ ಮುಳುಗಿಸಬೇಡಿ, ಮುಖಕ್ಕೆ ನೀರು ಎರಚುವ ಆಟ ಬೇಡ. ಇಂಥ ನೀರಲ್ಲಿ ಆಡಿದ ಕೆಲ ದಿನಗಳಲ್ಲಿ ಜ್ವರ, ಜೋರು ತಲೆನೋವು, ವಾಂತಿ ಬಂದರೆ ಡಾಕ್ಟರಿಗೆ ನೀರಿನ ವಿಷಯ ಮರೆಯದೆ ಹೇಳಿ.

ಅಜ್ಜಿಮನೆಯ ಅಂಗಳ

ನಾವು ಬೀಚಿನಲ್ಲಿ ಎಚ್ಚರ ಇರುತ್ತೇವೆ. ಅಜ್ಜಿಮನೆ ತಲುಪಿದ ಕೂಡಲೇ ಮೈಮರೆಯುತ್ತೇವೆ. ಪೇಟೆಯಲ್ಲಿ ಬೆಳೆದ ಮಗುವಿಗೆ ತೋಟದ ಮನೆ ಹೊಸ ಲೋಕ. ಹೋದ ಮೊದಲ ಅರ್ಧ ಗಂಟೆ ಚಹಾ ಕುಡಿಯುವ ಮೊದಲು ಮಗುವಿನ ಕೈ ಹಿಡಿದು ಒಂದು ಸುತ್ತು ನಡೆಯಿರಿ. ಬಾವಿಕಟ್ಟೆ ಎಷ್ಟು ಎತ್ತರ? ಬಲೆ ಇದೆಯಾ? ಕೆರೆಗೆ ಬೇಲಿ ಇದೆಯಾ? ಗೋಬರ್ ಗ್ಯಾಸಿನ ಗುಂಡಿ ಮುಚ್ಚಿದೆಯಾ? ಸುರಂಗದ ಬಾಯಿ ಎಲ್ಲಿದೆ? ಗುಡ್ಡದ ಒಳಗೆ ಅಡ್ಡಕ್ಕೆ ಕೊರೆದ ಸುರಂಗದಿಂದ ನೀರು ಬರುವುದನ್ನು ಮಕ್ಕಳಿಗೆ ಹೊರಗಿನಿಂದ ತೋರಿಸಿ, ಎಷ್ಟು ಚಂದ ಅದು. ಒಳಗೆ ಬಿಡಬೇಡಿ.

ಇನ್ನು ಕೊಟ್ಟಿಗೆ, ಪತ್ತಾಯದ ಕೋಣೆ. ಅಡಿಕೆಗೆ ಮದ್ದು ಬಿಡಲು ತಂದ ಮೈಲುತುತ್ತು ಮೇ ಕೊನೆಗೆ ಪ್ರತಿ ಮನೆಯಲ್ಲೂ ಇರುತ್ತದೆ. ಹೊಳೆಯುವ ನೀಲಿ ಹರಳು, ಕಲ್ಲುಸಕ್ಕರೆಯ ಹಾಗೆ. ಅದು ವಿಷ. ರಬ್ಬರ್ ತೋಟ ಇರುವ ಮನೆಯಲ್ಲಿ ರಬ್ಬರ್ ಮರದ ಹಾಲು ಹೆಪ್ಪುಗಟ್ಟಿಸುವ ಆಸಿಡ್ ಇದೆ. ಅದನ್ನು ಹಳೆಯ ನೀರಿನ ಬಾಟಲಿಗೆ ಹೊಯ್ದಿಡುವವರಿದ್ದಾರೆ. ದಯವಿಟ್ಟು ಸಂಕೋಚ ಬಿಟ್ಟು ಮಾವನಲ್ಲೋ ಅಜ್ಜನಲ್ಲೋ ಹೇಳಿ, ಎರಡನ್ನೂ ಬೀಗದ ಒಳಗೆ ಇಡಿಸಿ. ಮೈಗೆ ಬಿದ್ದರೆ ಕನಿಷ್ಠ 20 ನಿಮಿಷ ಹರಿಯುವ ನೀರಿನಲ್ಲಿ ತೊಳೆಯಿರಿ. ಕುಡಿದರೆ ವಾಂತಿ ಮಾಡಿಸಬೇಡಿ, ಬಾಟಲಿ ಸಮೇತ ಆಸ್ಪತ್ರೆಗೆ ಓಡಿ.

ಗೇರುಹಣ್ಣು ಹೆಕ್ಕುವುದು ಮಕ್ಕಳಿಗೆ ಹಬ್ಬ. ಹಸಿ ಬೀಜದ ಸಿಪ್ಪೆಯ ಎಣ್ಣೆ ಚರ್ಮ ಸುಡುತ್ತದೆ. ಹಣ್ಣಿನಿಂದ ಬೀಜ ತಿರುವಿ ತೆಗೆಯುವ ಕೆಲಸ ದೊಡ್ಡವರದ್ದು. ಬಚ್ಚಲ ಹಂಡೆಯ ಕುದಿನೀರು ತಾಗಿದರೂ 20 ನಿಮಿಷ ತಣ್ಣೀರು ಹರಿಸಿ. ಟೂತ್‌ಪೇಸ್ಟ್, ಶಾಯಿ ಹಚ್ಚಬೇಡಿ. ರಜೆಯಲ್ಲಿ ಅಂಗಳಕ್ಕೆ ನಾಲ್ಕಾರು ಕಾರು ಬರುತ್ತವೆ. ಹಿಂದಕ್ಕೆ ತೆಗೆಯುವ ಮೊದಲು ಎಲ್ಲ ಮಕ್ಕಳೂ ಚಾವಡಿ ಮೇಲೆ ಇದ್ದಾರಾ ಅಂತ ಎಣಿಸಿ.

ಜಾತ್ರೆ, ಕಳಿಯಾಟ

ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಯ ತನಕ ಒಂದಲ್ಲ ಒಂದು ಕಡೆ ಜಾತ್ರೆಯೋ, ತೆಯ್ಯಂ ಕಟ್ಟುವ ಕಳಿಯಾಟವೋ ಇದ್ದೇ ಇರುತ್ತದೆ. ಮಕ್ಕಳು ನೋಡಲಿ. ಬೆಡಿ ಸುಡುವ ಜಾಗದಿಂದ, ಪಟಾಕಿ ಇಟ್ಟ ಶೆಡ್ಡಿನಿಂದ ತುಂಬಾ ದೂರ ನಿಲ್ಲಿ. 2024ರ ಅಕ್ಟೋಬರಿನಲ್ಲಿ ನೀಲೇಶ್ವರದ ಕಳಿಯಾಟದಲ್ಲಿ ಪಟಾಕಿ ದಾಸ್ತಾನಿಗೆ ಬೆಂಕಿ ಹಿಡಿದು ನೂರಕ್ಕೂ ಹೆಚ್ಚು ಮಂದಿ ಸುಟ್ಟುಕೊಂಡರು, ಕೆಲವರು ಸತ್ತರು.

ಜನದಲ್ಲಿ ಮಗು ತಪ್ಪಿದರೆ? ಮನೆ ಬಿಡುವಾಗಲೇ ಆ ದಿನದ ಬಟ್ಟೆಯಲ್ಲಿ ಒಂದು ಫೋಟೋ ತೆಗೆಯಿರಿ. ಮುಂಗೈಯ ಒಳಬದಿಗೆ ಪೆನ್ನಿನಿಂದ ಫೋನ್ ನಂಬರ್ ಬರೆಯಿರಿ. ಅಪ್ಪ ಅಮ್ಮನ ಪೂರ್ತಿ ಹೆಸರು ಹೇಳಲು ಕಲಿಸಿ. ಮನೆಯಲ್ಲಿ ಕನ್ನಡವೋ ತುಳುವೋ ಆಡುವ ಮಗುವಿಗೆ "ಎಂಡೆ ಅಮ್ಮಯೆ ಕಾಣುನ್ನಿಲ್ಲ" ಅನ್ನುವ ಒಂದು ಮಲಯಾಳ ವಾಕ್ಯವನ್ನು ಹಾಡಿನ ಹಾಗೆ ಕಲಿಸಿಡಿ. ನನ್ನ ಅಮ್ಮ ಕಾಣುತ್ತಿಲ್ಲ ಅಂತ. ತಪ್ಪಿಹೋದರೆ ನಿಂತಲ್ಲೇ ನಿಲ್ಲಬೇಕು ಅನ್ನುವುದನ್ನು ಅಂಗಳದಲ್ಲೇ ಆಡಿಸಿ ಅಭ್ಯಾಸ ಮಾಡಿಸಿ. ಸಹಾಯಕ್ಕೆ 112, ಮಕ್ಕಳ ಸಹಾಯವಾಣಿ 1098, ರೈಲಿನಲ್ಲಿ 139.

ಕೈ ಮೀರಿದಾಗ

ಬಿಸಿಲ ಪೆಟ್ಟು: ಮೈ ಕೆಂಡದಂತೆ ಬಿಸಿ, ಮಂಪರು, ಅರ್ಥವಿಲ್ಲದ ಮಾತು, ಫಿಟ್ಸ್. ಇವು ಕಂಡರೆ 108ಕ್ಕೆ ಫೋನ್ ಮಾಡಿ. ಆಂಬುಲೆನ್ಸ್ ಬರುವ ತನಕ ನೆರಳಿಗೆ ಒಯ್ದು ಬಟ್ಟೆ ಕಳಚಿ, ಮೈಗೆಲ್ಲ ನೀರು ಹೊಯ್ಯುತ್ತಾ ಗಾಳಿ ಬೀಸಿ. ಎಚ್ಚರ ಇಲ್ಲದ ಮಗುವಿನ ಬಾಯಿಗೆ ನೀರು ಹಾಕಬೇಡಿ. ಜ್ವರದ ಸಿರಪ್ ಇದಕ್ಕೆ ಮದ್ದಲ್ಲ.

ಗಂಟಲಿಗೆ ಸಿಕ್ಕರೆ: ಕೆಮ್ಮುತ್ತಿದ್ದರೆ ಕೆಮ್ಮಲಿ. ಸದ್ದೇ ಬರದಿದ್ದರೆ ಮಗುವನ್ನು ಮುಂದಕ್ಕೆ ಬಗ್ಗಿಸಿ, ಅಂಗೈಯ ಬುಡದಿಂದ ಎರಡು ಹೆಗಲೆಲುಬಿನ ನಡುವೆ 5 ಸಲ ಗುದ್ದಿ. ಹೊರಬರದಿದ್ದರೆ ಹಿಂದಿನಿಂದ ಅಪ್ಪಿ, ಹೊಕ್ಕುಳಿಗಿಂತ ಸ್ವಲ್ಪ ಮೇಲೆ ಮುಷ್ಟಿ ಇಟ್ಟು ಒಳಕ್ಕೆ ಮೇಲಕ್ಕೆ 5 ಸಲ ಒತ್ತಿ. ಬದಲಿಸುತ್ತಾ ಮಾಡಿ. ಇದು ಒಂದು ವರ್ಷ ದಾಟಿದ ಮಕ್ಕಳಿಗೆ. ಬಾಯೊಳಗೆ ಕುರುಡಾಗಿ ಬೆರಳು ಹಾಕಿದರೆ ಸಿಕ್ಕಿದ್ದು ಇನ್ನೂ ಕೆಳಗೆ ಹೋಗುತ್ತದೆ.

ಹಾವು ಕಚ್ಚಿದರೆ: ಕಟ್ಟಬೇಡಿ, ಕೊಯ್ಯಬೇಡಿ, ನಾಟಿ ಮದ್ದಿಗೆ ಹೊತ್ತು ಕಳೆಯಬೇಡಿ. ಕಚ್ಚಿದ ಕೈಕಾಲು ಅಲುಗದಂತೆ ಮಗುವನ್ನು ಎತ್ತಿಕೊಂಡೇ ಹೋಗಿ. ಊರು ತಲುಪಿದ ದಿನವೇ ಹಾವಿನ ವಿಷಕ್ಕೆ ಮದ್ದು ಇರುವ ಹತ್ತಿರದ ಆಸ್ಪತ್ರೆ ಯಾವುದು ಅಂತ ಕೇಳಿಟ್ಟುಕೊಳ್ಳಿ.

ಮನೆಗೆ ಬಂದ ಮೇಲೆ

ಬಂದ ಕೂಡಲೇ ಐಸ್ ನೀರಲ್ಲ, ತಣ್ಣೀರ ಸ್ನಾನ. ಕಿವಿಯ ಹಿಂದೆ, ತೊಡೆಯ ಸಂದಿಯಲ್ಲಿ ಉಣ್ಣಿ ಕಚ್ಚಿದೆಯಾ ನೋಡಿ. ಕುಚ್ಚಲಕ್ಕಿ ಗಂಜಿಗೆ ತುಪ್ಪ, ಉಪ್ಪು ಹಾಕಿ ಕೊಡಿ, ದಣಿದ ಮಗುವಿಗೆ ಅದು ಒಂದೇ ಸಾಕು. ನಮ್ಮ ಚಿಕ್ಕವಳು ಈಗ ಐದಕ್ಕೆ ಹತ್ತಿರ. ಮೊನ್ನೆ ಮತ್ತೆ ಬೇಕಲಕ್ಕೆ ಹೋದೆವು, ಈ ಸಲ ಬಾಗಿಲು ತೆರೆಯುವ ಮೊದಲೇ. ಗೋಡೆಯ ನೆರಳು ಇನ್ನೂ ಉದ್ದಕ್ಕೆ ಚಾಚಿತ್ತು. ಆ ನೆರಳಿನಲ್ಲೇ ನಡೆಯುತ್ತಾ, ನೆರಳು ಮುಗಿದಲ್ಲಿ ಹಾರಿ ದಾಟುತ್ತಾ ಅವಳೇ ಒಂದು ಆಟ ಕಟ್ಟಿಕೊಂಡಳು. ಒಂಬತ್ತೂವರೆಗೆ ನಾವು ಹೊರಗೆ ಬಂದಾಗ ಟಿಕೆಟಿನ ಸಾಲು ಆಗಷ್ಟೇ ಬೆಳೆಯುತ್ತಿತ್ತು.